ಸಿನಿಮಾ ಹೇಳಿ ಸ್ವಾಮಿ, ಪೂರ್ತಿ ನೋಡಿ ಹೇಳಿ

ಹೊಸದಾಗಿ ಗುರುದೀಕ್ಷೆ ಪಡೆದು ನಮ್ಮ ಕನ್ನಡ ಧರ್ಮಕೇಂದ್ರಗಳಿಗೆ ಬಂದಿರುವ ಯುವ ಗುರುಗಳೇ,



ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶದ ವಾಚನ ಮುಗಿದು ನಾವೆಲ್ಲ ಕುಳಿತ ಮೇಲೆ ನೀವು ಮಾತಾಡುತ್ತೀರಿ, ನಾವು ಕೇಳುತ್ತೇವೆ. ನಡುವೆ ಎದ್ದು ನಿಂತು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪ್ರಬೋಧನೆ ಗುರುವಿಗೆ ಅಥವಾ ಡೀಕನ್‌ಗೆ ಮೀಸಲು ಎಂದು 1983ರ ಧರ್ಮಸಭಾ ಕಾನೂನಿನ 767ನೇ ವಿಧಿ ಹೇಳುತ್ತದೆ. ಆ ವಿಧಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೇಳಿದವರಿಗೂ ಹೇಳಬೇಕಾದದ್ದು ಇರುತ್ತದೆ. ನಾನು ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಪೂಜೆ ಮುಗಿದ ಮೇಲೆ ನಿಮ್ಮ ಪ್ರಬೋಧನೆ ಕೇಳಿದ ಮಕ್ಕಳೇ ಬಂದು ನನ್ನ ಮುಂದೆ ಕೂರುತ್ತಾರೆ. ಅದರಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದು ನಿಮಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅದಕ್ಕೇ ಈ ಪತ್ರ. ಒಬ್ಬರಿಗೆ ಮಾತ್ರ ಬರೆದರೆ ಒಬ್ಬರ ಮೇಲಿನ ದೂರಾದೀತೆಂದು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ನನ್ನ ಸಂತೋಷ ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ಸ್ವಾಮಿಯವರ ಪ್ರಸಂಗದಲ್ಲಿ ಸಿನಿಮಾ ಬರುತ್ತಿದ್ದುದು ತಪಸ್ಸುಕಾಲದಲ್ಲಿ ಮಾತ್ರ, ಬಿಡಬೇಕಾದ ಚಟಗಳ ಸಾಲಿನಲ್ಲಿ. ಬೀಡಿ, ಹೆಂಡ, ಇಸ್ಪೀಟು, ಆಮೇಲೆ ಟೆಂಟ್ ಸಿನಿಮಾ. ಹಾಗೆ ಹೇಳುತ್ತಿದ್ದವರು ಟೆಂಟಿನೊಳಗೆ ಕಾಲಿಟ್ಟವರಲ್ಲ. ಕೆಳಗೆ ಕೂತು ಕೇಳುತ್ತಿದ್ದ ನಮ್ಮಪ್ಪ ‘ಕಸ್ತೂರಿ ನಿವಾಸ’ ನೋಡಿ ಕಣ್ಣೊರೆಸಿಕೊಂಡು ಬಂದವರು. ಕೇಳಿದವರಿಗೆ ಇಲ್ಲವೆನ್ನಲಾರದೆ ಇದ್ದದ್ದನ್ನೆಲ್ಲ ಕಳೆದುಕೊಳ್ಳುವ ಒಬ್ಬ ಮನುಷ್ಯನ ಕಥೆ ಅದು. 1971ರ ಆ ಚಿತ್ರವನ್ನು ಕಂಡು ಅತ್ತವರಿಗೆ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯನ್ನು ಅರ್ಥ ಮಾಡಿಸುವುದು ಎಷ್ಟು ಸುಲಭವಿತ್ತು! ಯಾರೂ ಮಾಡಿಸಲಿಲ್ಲ. ಅಪ್ಪ ಸಿನಿಮಾ ನೋಡಿದ್ದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡು ಬಂದರು.

ಆ ಕಾಲ ಹೋಯಿತು. ನೀವು ಐಪಿಎಲ್ ನೋಡುತ್ತೀರಿ, ಬಿಗ್‌ಬಾಸ್ ಮನೆಯಲ್ಲಿ ಯಾರು ಉಳಿದರು, ಯಾರು ಹೋದರು ಎಂಬುದು ನಿಮಗೆ ಗೊತ್ತು, ಕೆಜಿಎಫ್ ಡೈಲಾಗು ನಿಮ್ಮ ಬಾಯಲ್ಲೂ ಬರುತ್ತದೆ. ನಮ್ಮ ಮನೆಯ ಮಕ್ಕಳು ಆಡುವ ಮಾತನ್ನೇ ನೀವೂ ಆಡುತ್ತೀರಿ. ಅದು ನನಗೆ ನಿಜವಾಗಿ ಇಷ್ಟ. ಸಿನಿಮಾ ತರಬೇಡಿ ಎಂದು ಹೇಳಲು ನಾನು ಕೂತಿಲ್ಲ. ತಂದ ಸಿನಿಮಾವನ್ನು ಸರಿಯಾಗಿ ನಡೆಸಿಕೊಳ್ಳಿ ಎಂದು ಕೇಳುವುದಷ್ಟೇ ನನ್ನ ಉದ್ದೇಶ.

ಈಗ ಆಗುತ್ತಿರುವುದೇನು? ಪ್ರಬೋಧನೆಯ ಮೊದಲ ಎರಡು ನಿಮಿಷದಲ್ಲಿ ಒಂದು ಚಿತ್ರದ ಹೆಸರು ಬರುತ್ತದೆ. ಒಂದು ಡೈಲಾಗ್ ಬರುತ್ತದೆ. ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ, ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಾರೆ. ನೀವು ಒಂದು ಕ್ಷಣ ನಿಲ್ಲುತ್ತೀರಿ, ಆಮೇಲೆ ‘ಇಂದಿನ ಶುಭಸಂದೇಶದಲ್ಲಿ...’ ಎಂದು ಶುರು ಮಾಡುತ್ತೀರಿ. ಅಲ್ಲಿಂದ ಮುಂದೆ ಆ ಸಿನಿಮಾ ಮತ್ತೆ ಬರುವುದಿಲ್ಲ. ಅದಕ್ಕೂ ಅಂದಿನ ವಾಚನಕ್ಕೂ ಏನು ಸಂಬಂಧ ಎಂಬುದನ್ನು ಯಾರೂ ಹೇಳುವುದಿಲ್ಲ. ತರಗತಿಯಲ್ಲಿ ಮಕ್ಕಳನ್ನು ಕೇಳಿದರೆ ಡೈಲಾಗನ್ನು ಸ್ವರಸಮೇತ ಒಪ್ಪಿಸುತ್ತಾರೆ. ಶುಭಸಂದೇಶ ಯಾವುದಿತ್ತು ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮಕ್ಕಳದ್ದು ತಪ್ಪಲ್ಲ. ಯಾವುದನ್ನು ನೀವು ಪ್ರೀತಿಯಿಂದ ಹೇಳಿದಿರೋ ಅದನ್ನು ಅವರು ನೆನಪಿಟ್ಟುಕೊಂಡಿದ್ದಾರೆ.

ಇದು ಇವತ್ತಿನ ಕಥೆಯೇನಲ್ಲ. ಎಂಟುನೂರು ವರ್ಷಗಳ ಹಿಂದೆ ಜರ್ಮನಿಯ ಹೈಸ್ಟರ್‌ಬಾಖ್ ಮಠದ ಸನ್ಯಾಸಿ ಸಿಸೇರಿಯಸ್ ತನ್ನ ಪವಾಡಕಥೆಗಳ ಸಂಗ್ರಹದಲ್ಲಿ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಮಠಾಧಿಪತಿ ಗೆವಾರ್ಡ್ ಹಬ್ಬದ ದಿನ ಉಪದೇಶ ಮಾಡುತ್ತಿದ್ದ. ಕೆಲವರು ತೂಕಡಿಸುತ್ತಿದ್ದರು, ಕೆಲವರು ಗೊರಕೆಯನ್ನೇ ಹೊಡೆಯುತ್ತಿದ್ದರು. ಆತ ಮಾತು ನಿಲ್ಲಿಸಿ, ಆರ್ಥರ್ ಎಂಬ ರಾಜನೊಬ್ಬನಿದ್ದ, ಅವನ ಹೊಸ ಕಥೆಯೊಂದನ್ನು ಹೇಳುತ್ತೇನೆ ಎಂದ. ಎಲ್ಲರೂ ಕಣ್ಣು ಬಿಟ್ಟು ನೆಟ್ಟಗೆ ಕೂತರು. ಗೆವಾರ್ಡ್ ಕಥೆ ಹೇಳಲೇ ಇಲ್ಲ. ದೇವರ ಮಾತಿಗೆ ನಿದ್ದೆ, ಆರ್ಥರ್ ಹೆಸರಿಗೆ ಎಚ್ಚರವೇ ಎಂದು ಬೈದು ಉಪದೇಶ ಮುಂದುವರಿಸಿದ. ಆರ್ಥರ್ ದೊರೆಯ ಕಥೆಗಳು ಆಗಿನ ಯುರೋಪಿನ ಜನಪ್ರಿಯ ಸಿನಿಮಾ ಎಂದೇ ತಿಳಿಯಿರಿ.

ಸಿಸೇರಿಯಸ್ ಮಠಾಧಿಪತಿಯ ಪರ. ನಾನು ನಿದ್ದೆ ಹೋದವರ ಪರ. ಗಾಳಕ್ಕೆ ಎರೆಹುಳ ಸಿಕ್ಕಿಸಿ ಮೀನನ್ನು ದಡಕ್ಕೆಳೆದು ಹಾಕಿದ ಹಾಗಾಯಿತು ಅದು. ಆರ್ಥರ್ ದೊರೆಯ ಕಥೆಯಲ್ಲಿ ನಿಷ್ಠೆಯಿದೆ, ದ್ರೋಹವಿದೆ, ಪವಿತ್ರ ಪಾತ್ರೆಯ ಹುಡುಕಾಟವಿದೆ. ಆ ಹಬ್ಬದ ದಿನ ಅದನ್ನು ಪೂರ್ತಿ ಹೇಳಿ, ಅದರಿಂದಲೇ ದೇವರ ಮಾತಿನ ಕಡೆಗೆ ದಾರಿ ಮಾಡಬಹುದಿತ್ತು. ಆತ ಆ ಹೆಸರನ್ನು ಎಚ್ಚರಿಸಲಿಕ್ಕೆ ಮಾತ್ರ ಬಳಸಿಕೊಂಡ. ನಿಮ್ಮ ಪ್ರಬೋಧನೆಯ ಮೊದಲ ಎರಡು ನಿಮಿಷ ಕೇಳುವಾಗ ನನಗೆ ಗೆವಾರ್ಡನ ನೆನಪಾಗುತ್ತದೆ.

ಸಂತ ಪೌಲರ ರೀತಿ ಬೇರೆ. ಅಥೆನ್ಸಿನ ಅರಿಯೊಪಾಗದಲ್ಲಿ ಗ್ರೀಕರ ಮುಂದೆ ನಿಂತಾಗ ಅವರು ಗ್ರೀಕರದೇ ಕವಿಯ ಸಾಲನ್ನು ಎತ್ತಿಕೊಂಡರು. ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯದಲ್ಲಿ ಅದಿದೆ. ಕವಿ ಅರಾಟಸ್. ಕವಿತೆ ಸ್ಯೂಸ್ ದೇವತೆಯ ಸ್ತುತಿಯಿಂದ ಆರಂಭವಾಗುತ್ತದೆ. ಅರಾಟಸ್ ಪೌಲರ ತಾರ್ಸದ ಸೀಮೆಯವನೇ, ಸಿಲಿಸಿಯದವನು. ಅನ್ಯದೇವತೆಯನ್ನು ಕುರಿತ ಸಾಲು ಎಂದು ಪೌಲರು ಹಿಂಜರಿಯಲಿಲ್ಲ. ಆ ಸಾಲಿನೊಳಗೆ ಸತ್ಯವೊಂದು ಇದೆ ಎಂದು ಒಪ್ಪಿಕೊಂಡು, ಆ ಸತ್ಯವನ್ನೇ ಹಿಡಿದು ಮುಂದಕ್ಕೆ ನಡೆದರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಪುನರುತ್ಥಾನದ ಅಷ್ಟು ಗಂಭೀರವಾದ ಮಾತಿನ ನಡುವೆ, ಕೆಟ್ಟ ಸಹವಾಸದ ಕುರಿತ ಒಂದು ಮಾತು ಬರುತ್ತದಲ್ಲ, ಅದು ಮೆನಾಂಡರ್ ಎಂಬ ಹಾಸ್ಯನಾಟಕಕಾರನ ನಾಟಕದ್ದು ಎಂದು ವಿದ್ವಾಂಸರು ಗುರುತಿಸುತ್ತಾರೆ. ರಂಗದ ಮೇಲಿನ ಡೈಲಾಗು ಪವಿತ್ರ ಗ್ರಂಥದೊಳಗೇ ಬಂದು ಕೂತಿದೆ. ಅಲ್ಲಿಂದ ಅದನ್ನು ತೆಗೆದರೆ ಪೌಲರ ವಾದದ ಒಂದು ಕೊಂಡಿ ಕಳಚುತ್ತದೆ. ನಿಮ್ಮ ಪ್ರಬೋಧನೆಯನ್ನು ಹೀಗೆ ಒಮ್ಮೆ ಪರೀಕ್ಷಿಸಿ ನೋಡಿ: ಸಿನಿಮಾದ ಭಾಗವನ್ನು ತೆಗೆದುಬಿಟ್ಟರೆ ಏನಾದರೂ ಕಳೆದುಹೋಗುತ್ತದೆಯೇ? ಏನೂ ಕಳೆಯುವುದಿಲ್ಲ ಎಂದಾದರೆ ಅದನ್ನು ತರುವ ಅಗತ್ಯವೇ ಇರಲಿಲ್ಲ.

ಇನ್ನು ನನ್ನನ್ನು ನಿಜವಾಗಿ ನೋಯಿಸಿದ ವಿಷಯಕ್ಕೆ ಬರುತ್ತೇನೆ. 2025ರ ಮಾರ್ಚ್ 30, ತಪಸ್ಸುಕಾಲದ ನಾಲ್ಕನೆಯ ಭಾನುವಾರ. ಸಂತ ಲೂಕರ 15ನೇ ಅಧ್ಯಾಯ, ದುಂದುಗಾರ ಮಗನ ಸಾಮತಿ. ನಾನು ಅಂದು ಪೂಜೆಗೆ ಹೋಗಿದ್ದ ದೇವಾಲಯದಲ್ಲಿ ಗುರುಗಳು ‘ಬಂಗಾರದ ಮನುಷ್ಯ’ ಚಿತ್ರವನ್ನು ಎತ್ತಿದರು. ಸಭೆಯ ಹಿರಿಯರ ಮುಖಗಳೆಲ್ಲ ಅರಳಿದವು. ರಾಜ್‌ಕುಮಾರ್ ಮಾಡಿದ ರಾಜೀವ ಕೊನೆಯಲ್ಲಿ ಮನೆ ಬಿಟ್ಟು ಹೊರಟುಹೋಗುತ್ತಾನೆ, ಹಾಗೆಯೇ ಈ ಮಗನೂ ಮನೆ ಬಿಟ್ಟು ಹೋದ ಎಂದರು. ಅಷ್ಟೇ. ಮುಂದೆ ಪಶ್ಚಾತ್ತಾಪದ ಮಾತಿಗೆ ಹೋದರು.

ಹಿರಿಯರು ಬಾಯಿ ಬಿಡಲಿಲ್ಲ. ಆದರೆ ಆ ಚಿತ್ರವನ್ನು ಒಮ್ಮೆ ನೋಡಿದವರಿಗೂ ಗೊತ್ತು, ಹೋಲಿಕೆ ತಲೆಕೆಳಗಾಗಿದೆ. ಸಾಮತಿಯ ಕಿರಿಮಗ ತಂದೆ ಬದುಕಿರುವಾಗಲೇ ಪಾಲು ಕೇಳಿ, ತೆಗೆದುಕೊಂಡು, ದೂರದೇಶಕ್ಕೆ ಹೋಗಿ ಕಳೆದ. ರಾಜೀವ ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟ, ಬಂಜರು ನೆಲವನ್ನು ಬಂಗಾರ ಮಾಡಿದ, ಅಕ್ಕನ ಮಕ್ಕಳನ್ನು ಓದಿಸಿದ. ಓದಿ ದೊಡ್ಡವನಾದ ಅಳಿಯನೇ ಅವನನ್ನು ಸಂದೇಹದಿಂದ ಕಂಡಾಗ ಒಂದು ಮಾತೂ ಆಡದೆ ಊಟದ ಎಲೆ ಬಿಟ್ಟು ಎದ್ದು ಹೋದ. ಪಾಲು ಕೇಳಲಿಲ್ಲ. ಬರಿಗೈಯಲ್ಲಿ ಹೋದ. ಒಬ್ಬ ತೆಗೆದುಕೊಂಡು ಹೋದವನು, ಇನ್ನೊಬ್ಬ ಎಲ್ಲವನ್ನೂ ಕೊಟ್ಟು ಹೋದವನು.

ಚಿತ್ರ ಪೂರ್ತಿ ನೆನಪಿದ್ದಿದ್ದರೆ ಅಲ್ಲಿ ಎಂಥ ಪ್ರಬೋಧನೆ ಹುಟ್ಟಬಹುದಿತ್ತು! ರಾಜೀವನನ್ನು ಕಿರಿಮಗನ ಪಕ್ಕಕ್ಕಲ್ಲ, ಹಿರಿಮಗನ ಪಕ್ಕಕ್ಕೆ ನಿಲ್ಲಿಸಿ ನೋಡಿ. ಹಿರಿಮಗನೂ ಹೊಲದಲ್ಲಿ ದುಡಿದವನೇ. ಅವನೂ ತನಗೆ ಅನ್ಯಾಯವಾಯಿತು ಎಂದು ಭಾವಿಸಿದವನೇ. ಆದರೆ ಅವನು ಇಷ್ಟು ವರ್ಷ ದುಡಿದ ಲೆಕ್ಕವನ್ನು ತಂದೆಯ ಮುಂದೆ ಇಟ್ಟ, ತನಗೆ ಒಂದು ಆಡಿನ ಮರಿಯೂ ಸಿಗಲಿಲ್ಲ ಎಂದು ದೂರಿದ. ರಾಜೀವ ಲೆಕ್ಕ ಇಡಲಿಲ್ಲ. ಇಲ್ಲಿಂದ ಇನ್ನೂ ಮುಂದಕ್ಕೆ ಹೋಗಬಹುದು. ರಾಜೀವನ ಮೌನವನ್ನು ನಾವೆಲ್ಲ ಐವತ್ತು ವರ್ಷದಿಂದ ಮೆಚ್ಚಿಕೊಂಡೇ ಬಂದಿದ್ದೇವೆ. ಆದರೆ ಆ ಮೌನ ಅಳಿಯನಿಗೆ ಕ್ಷಮೆ ಕೇಳುವ ಅವಕಾಶವನ್ನೇ ಕೊಡಲಿಲ್ಲ. ಅವನಿಗೆ ಸತ್ಯ ಗೊತ್ತಾಗುವ ಹೊತ್ತಿಗೆ ಮಾವ ಇಲ್ಲ. ಸಾಮತಿಯ ತಂದೆಯಾದರೋ ಮನೆ ಬಿಡುವುದಿಲ್ಲ, ದಾರಿ ಕಾಯುತ್ತಾನೆ. ತಪ್ಪು ಮಾಡಿದವನನ್ನು ಅಪ್ಪಿಕೊಳ್ಳಲು ಓಡುತ್ತಾನೆ, ಮುನಿಸಿಕೊಂಡು ಹೊರಗೆ ನಿಂತವನನ್ನು ಕರೆಯಲು ಮತ್ತೆ ತಾನೇ ಹೊರಗೆ ಬರುತ್ತಾನೆ. ನಮ್ಮ ನಾಡಿನ ಅತ್ಯಂತ ಒಳ್ಳೆಯ ಮನುಷ್ಯನ ಚಿತ್ರ ಮುಗಿಯುವ ಜಾಗದಿಂದ ಮುಂದಕ್ಕೆ ಯೇಸುವಿನ ಕಥೆ ಹೆಜ್ಜೆ ಇಡುತ್ತದೆ. ಇದನ್ನು ಕೇಳಿದ್ದರೆ ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಆ ಸಭೆಯಲ್ಲಿ ಇದ್ದರಲ್ಲ, ಅವರು ಮನೆಗೆ ಬೇರೆ ರೀತಿಯಲ್ಲಿ ಹೋಗುತ್ತಿದ್ದರು.

1972ರ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪೇಟೆ ಬಿಟ್ಟು ಊರಿಗೆ ಹೋಗಿ ನೇಗಿಲು ಹಿಡಿದವರಿದ್ದಾರೆ ಎಂಬ ಮಾತು ನಮ್ಮಲ್ಲಿ ಇವತ್ತಿಗೂ ಇದೆ. ಜನರ ಬದುಕನ್ನೇ ಅಲುಗಿಸಿದ ಕಥೆಯನ್ನು ಒಂದು ವಾಕ್ಯದಲ್ಲಿ, ಅದೂ ತಪ್ಪಾಗಿ, ಹೇಳಿ ಮುಗಿಸಿದರೆ ಕೇಳುವವರಿಗೆ ಅನುಮಾನ ಬರುತ್ತದೆ. ನಮಗೆ ಗೊತ್ತಿರುವ ಕಥೆಯನ್ನೇ ಹೀಗೆ ಹೇಳುವವರು ನಮಗೆ ಅಷ್ಟಾಗಿ ಗೊತ್ತಿಲ್ಲದ ಸಾಮತಿಯನ್ನು ಎಷ್ಟು ಸರಿಯಾಗಿ ಹೇಳುತ್ತಿದ್ದಾರೋ ಎಂಬ ಅನುಮಾನ. ಗುರುಗಳೇ, ಇದು ನೀವು ಊಹಿಸುವುದಕ್ಕಿಂತ ದೊಡ್ಡ ನಷ್ಟ.

ಅಂಥದೇ ಇನ್ನೊಂದು, ಕೆಜಿಎಫ್. ಮಾತೆ ಮರಿಯಳ ಹಬ್ಬದ ಒಂದು ಪ್ರಬೋಧನೆಯಲ್ಲಿ ಆ ಚಿತ್ರದ ನಾಯಕ ರಾಕಿಯ ತಾಯಿ ಬಂದಳು. ತಾಯಿಗೆ ಕೊಟ್ಟ ಮಾತಿಗಾಗಿ ಮಗ ಲೋಕವನ್ನೇ ಗೆದ್ದನಂತೆ. ಆದರೆ ಆ ತಾಯಿ ಮಗನಿಂದ ಪಡೆದ ಮಾತು ಸಿರಿವಂತನಾಗುವ, ಎಲ್ಲರಿಗಿಂತ ಬಲಶಾಲಿಯಾಗುವ ಮಾತು. ಮರಿಯ ಎಲಿಜಬೇತಳ ಮನೆಯಲ್ಲಿ ಹಾಡಿದ್ದು ಬಲಿಷ್ಠರು ಗದ್ದುಗೆಯಿಂದ ಇಳಿಯುವುದನ್ನು, ಉಳ್ಳವರು ಬರಿಗೈಯಲ್ಲಿ ಹೋಗುವುದನ್ನು. ಇಬ್ಬರೂ ಬಡ ತಾಯಂದಿರು, ಇಬ್ಬರಿಗೂ ಹಸಿವು ಗೊತ್ತು, ಇಬ್ಬರೂ ಮಗನ ಮೇಲೆ ಬೆಟ್ಟದಷ್ಟು ಆಸೆ ಇಟ್ಟವರು. ಎಲ್ಲಿ ಇಬ್ಬರ ದಾರಿ ಬೇರೆಯಾಯಿತು? ಅದನ್ನು ಕೇಳಿಕೊಳ್ಳುವ ಬದಲು ಇಬ್ಬರನ್ನೂ ‘ತಾಯಿಯ ಪ್ರೀತಿ’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟರು. ಇನ್ನೂ ಒಂದು ಮಾತು. ನಮ್ಮ ರಾಜ್ಯದ ನಿಜವಾದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲಿನ ದೂಳು ಉಸಿರಾಡಿದವರಲ್ಲಿ ನಮ್ಮ ಧರ್ಮಸಭೆಯ ಮಕ್ಕಳೇ ಎಷ್ಟೋ ಮಂದಿ. ಅವರ ಮಕ್ಕಳು ಇವತ್ತಿಗೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಚಿತ್ರದಲ್ಲಿ ಜೀತಕ್ಕೆ ಬಿದ್ದ ಗಣಿಯಾಳುಗಳನ್ನು ನೋಡಿದ ಹುಡುಗನಿಗೆ ಈಜಿಪ್ಟಿನಲ್ಲಿ ಇಟ್ಟಿಗೆ ಮಾಡುತ್ತಿದ್ದ ಇಸ್ರಯೇಲರನ್ನೂ ತೋರಿಸಬಹುದು, ಅವನ ಅಜ್ಜನ ಎದೆಯ ಕಾಯಿಲೆಯನ್ನೂ ತೋರಿಸಬಹುದು. ಡೈಲಾಗು ಹೊಡೆದಷ್ಟು ಸುಲಭವಲ್ಲ ಅದು, ಒಪ್ಪುತ್ತೇನೆ.

ಸರಿಯಾಗಿ ಆದದ್ದನ್ನೂ ಹೇಳಬೇಕು. 2021ರ ಅಕ್ಟೋಬರ್ 29, ಶುಕ್ರವಾರ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ವಯಸ್ಸು 46. ಭಾನುವಾರ ಬೆಳಗಿನ ಜಾವ ಕಂಠೀರವ ಸ್ಟುಡಿಯೋದಲ್ಲಿ, ತಂದೆ ತಾಯಿಯ ಸಮಾಧಿಯ ಬಳಿಯಲ್ಲಿ ಅವರನ್ನು ಮಣ್ಣು ಮಾಡಿದರು. ಅದೇ ಬೆಳಿಗ್ಗೆ ನಾವು ಪೂಜೆಗೆ ಹೋದೆವು. ರಾತ್ರಿಯೆಲ್ಲ ಟಿವಿ ಮುಂದೆ ಕೂತು ಎದ್ದ ಕಣ್ಣುಗಳು. ಅಂದಿನ ಶುಭಸಂದೇಶ ಮಾರ್ಕರ 12ನೇ ಅಧ್ಯಾಯದ್ದು: ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಎಂದು ಧರ್ಮಶಾಸ್ತ್ರಿಯೊಬ್ಬ ಕೇಳುತ್ತಾನೆ, ಯೇಸು ದೇವರ ಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಒಟ್ಟಿಗೆ ಇಟ್ಟು ಉತ್ತರ ಕೊಡುತ್ತಾರೆ. ನಮ್ಮ ಹಿರಿಯ ಗುರುಗಳು ಸಿನಿಮಾ ನೋಡುವವರಲ್ಲ. ಅವರು ಪುನೀತ್ ಅವರ ಯಾವ ಚಿತ್ರದ ಹೆಸರನ್ನೂ ಹೇಳಲಿಲ್ಲ. ಆ ಯುವಕನ ಎರಡು ಕಣ್ಣುಗಳಿಂದ ಬೇರೆಯವರಿಗೆ ದೃಷ್ಟಿ ಬರುತ್ತಿದೆ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಡೆದವರು ಯಾರೋ ಕೊಟ್ಟವರಿಗೆ ಗೊತ್ತಿರಲಿಲ್ಲ, ಪಡೆದವರ ಜಾತಿ ಮತ ಯಾವುದೋ ಗೊತ್ತಿರಲಿಲ್ಲ, ಯೇಸು ಹೇಳಿದ ನೆರೆಯವರು ಇಂಥವರೇ ಎಂದರು. ಆಮೇಲೆ, ಎರಡು ದಿನಕ್ಕೆ ಮೃತರ ಸ್ಮರಣೆಯ ದಿನ ಬರುತ್ತಿದೆ, ನಮ್ಮ ಸಮಾಧಿಗಳಿಗೆ ಹೂ ಇಡುವ ಹೊತ್ತಿಗೆ ನಮ್ಮ ಕಣ್ಣುಗಳ ಬಗ್ಗೆಯೂ ತೀರ್ಮಾನ ಮಾಡಿ ಎಂದರು. ಪೂಜೆಯ ನಂತರ ಅಂಗಳದಲ್ಲಿ ಜನ ನೇತ್ರದಾನದ ಫಾರಂ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು.

ಆ ಪ್ರಬೋಧನೆ ಯಾಕೆ ನಾಟಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಅವರು ಜನಪ್ರಿಯ ಸಂಗತಿಯೊಂದನ್ನು ಹುಡುಕಿಕೊಂಡು ಹೋಗಲಿಲ್ಲ. ಜನ ಏನನ್ನು ಹೊತ್ತುಕೊಂಡು ಬಂದು ಬೆಂಚಿನ ಮೇಲೆ ಕೂತಿದ್ದರೋ ಅದನ್ನು ಕಂಡರು. ಜಗದ್ಗುರು ಫ್ರಾನ್ಸಿಸ್ 2013ರ ‘ಎವಾಂಜೆಲಿ ಗೌದಿಯುಂ’ ಪ್ರಬೋಧನ ಪತ್ರದಲ್ಲಿ ಪ್ರಬೋಧನೆಗೇ ಹಲವು ಪುಟ ಮೀಸಲಿಟ್ಟಿದ್ದಾರೆ. ಬೋಧಕ ದೇವರ ವಾಕ್ಯಕ್ಕೆ ಕಿವಿಗೊಟ್ಟ ಹಾಗೆಯೇ ಜನಕ್ಕೂ ಕಿವಿಗೊಡಬೇಕು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂರಬಾರದು ಎನ್ನುತ್ತಾರೆ. ಪ್ರಬೋಧನೆ ಮಾಧ್ಯಮಗಳು ಕೊಡುವಂಥ ಮನರಂಜನೆಯಾಗಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಈ ಎರಡು ಮಾತನ್ನೂ ಒಟ್ಟಿಗೆ ಓದಬೇಕು. ಎರಡನೆಯದನ್ನೇ ಓದಿದವರು ಸಿನಿಮಾವನ್ನು ಹೊರಗಿಡುತ್ತಾರೆ, ಮೊದಲನೆಯದನ್ನೇ ಓದಿದವರು ಪ್ರಬೋಧನೆಯನ್ನೇ ಸಿನಿಮಾ ಮಾಡುತ್ತಾರೆ.

ಅದೇ ಜಗದ್ಗುರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ‘ಅಮೋರಿಸ್ ಲೆಟೀಶಿಯಾ’ದ 129ನೇ ಪರಿಚ್ಛೇದದಲ್ಲಿ ಒಂದು ಸಿನಿಮಾ ಬರುತ್ತದೆ: ‘ಬಾಬೆಟ್ಸ್ ಫೀಸ್ಟ್’, 1987ರ ಡ್ಯಾನಿಶ್ ಚಿತ್ರ. ಪ್ಯಾರಿಸ್ಸಿನಿಂದ ತಪ್ಪಿಸಿಕೊಂಡು ಬಂದು ಒಂದು ಕಟ್ಟುನಿಟ್ಟಿನ ಹಳ್ಳಿಯಲ್ಲಿ ಅಡುಗೆಯವಳಾಗಿರುವ ಹೆಂಗಸು ಲಾಟರಿಯಲ್ಲಿ ಬಂದ ಹತ್ತು ಸಾವಿರ ಫ್ರಾಂಕನ್ನೂ ಒಂದೇ ಒಂದು ಔತಣಕ್ಕೆ ಸುರಿಯುತ್ತಾಳೆ, ತನಗೆಂದು ಏನೂ ಉಳಿಸಿಕೊಳ್ಳುವುದಿಲ್ಲ. ಫ್ರಾನ್ಸಿಸ್ ಅದರಿಂದ ಒಂದೇ ದೃಶ್ಯ ಆರಿಸಿಕೊಂಡರು, ಬೇರೆಯವರನ್ನು ಸಂತೋಷಪಡಿಸುವುದರಲ್ಲಿರುವ ಸಂತೋಷವನ್ನು ಅದರ ಮೂಲಕ ಕಾಣಿಸಿದರು, ಮುಂದೆ ಹೋದರು. ಕೆಲವೇ ಸಾಲು. ಆದರೆ ಚಿತ್ರವನ್ನು ಪೂರ್ತಿ ನೋಡಿ, ಮೆಚ್ಚಿ, ಮನಸ್ಸಿನಲ್ಲಿ ಇಟ್ಟುಕೊಂಡವರು ಬರೆದ ಸಾಲುಗಳೆಂದು ಓದಿದ ಕೂಡಲೇ ತಿಳಿಯುತ್ತದೆ.

ಈಗ ಒಂದು ಕಷ್ಟದ ಮಾತು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ ಗೆದ್ದಿತು. 2008ರಿಂದ ಕಾದು, ‘ಈ ಸಲ ಕಪ್ ನಮ್ದೇ’ ಎನ್ನುತ್ತಿದ್ದವರಿಗೆ ಹದಿನೆಂಟನೆಯ ಆವೃತ್ತಿಯಲ್ಲಿ ಕಪ್ ಬಂತು. ಮರುದಿನ, ಬುಧವಾರ, ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಶಾಲೆಗೆ ಹೋಗುವ ಹುಡುಗಿಯೂ ಅವರಲ್ಲಿದ್ದಳು. ಆ ವಾರದ ಭಾನುವಾರ, ಜೂನ್ 8, ಪಂಚಾಶತ್ತಮ ಹಬ್ಬ. ನಾನು ಕೇಳಿದ ಪ್ರಬೋಧನೆಯಲ್ಲಿ ಹದಿನೆಂಟು ವರ್ಷದ ಕಾಯುವಿಕೆ ಬಂತು, ಮೇಲಂತಸ್ತಿನಲ್ಲಿ ಪವಿತ್ರಾತ್ಮರಿಗಾಗಿ ಕಾದ ಶಿಷ್ಯರು ಬಂದರು. ಹೋಲಿಕೆ ಕೆಟ್ಟದ್ದೇನಲ್ಲ. ಬುಧವಾರದ ನಂತರ ಅದನ್ನು ಅಷ್ಟಕ್ಕೇ ನಿಲ್ಲಿಸಿ ಹೇಳುವಂತಿರಲಿಲ್ಲ. ಸತ್ತ ಹನ್ನೊಂದು ಜನರ ಹೆಸರು ಬೇಡ, ಅವರಿಗಾಗಿ ಒಂದು ಪ್ರಾರ್ಥನೆಯೂ ಆ ಪ್ರಬೋಧನೆಯಲ್ಲಿ ಬರಲಿಲ್ಲ. ಬಹುಶಃ ಗುರುಗಳು ಅದನ್ನು ವಾರದ ಮೊದಲಿಗೇ, ಗೆದ್ದ ರಾತ್ರಿಯ ಸಂಭ್ರಮದಲ್ಲೇ ಬರೆದಿಟ್ಟಿದ್ದರೇನೋ.

ಹೊರಗೆ ಆ ವಾರವೆಲ್ಲ ಜನ ಏನು ಮಾತಾಡುತ್ತಿದ್ದರು ನೆನಪಿದೆಯೇ? ಆ ಮಕ್ಕಳಿಗೆ ಅಲ್ಲಿ ಏನು ಕೆಲಸ, ಮನೆಯಲ್ಲಿ ಕೂತು ಟಿವಿ ನೋಡಬಾರದಿತ್ತೇ, ಕ್ರಿಕೆಟ್ ಹುಚ್ಚಿಗೆ ಹೋದ ಜೀವಗಳು. ಸತ್ತವರ ತಲೆಯ ಮೇಲೇ ತಪ್ಪು ಹೊರಿಸುವ ಮಾತುಗಳು. ಇದಕ್ಕೆ ಉತ್ತರ ನಮ್ಮ ಶುಭಸಂದೇಶದಲ್ಲೇ ಇದೆ, ಅದೂ ಆ ವರ್ಷದ ಮಾರ್ಚ್ 23ರಂದೇ ಓದಿದ ಭಾಗದಲ್ಲಿ, ಲೂಕ 13ರಲ್ಲಿ. ಸಿಲೊವಾಮಿನ ಗೋಪುರ ಕುಸಿದು 18 ಜನ ಸತ್ತ ಸುದ್ದಿ ಯೇಸುವಿನ ಕಾಲದ ಜೆರುಸಲೇಮಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು. ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಯೇಸು ಕೇಳಿ, ಅಲ್ಲ ಎಂದು ತಾವೇ ಹೇಳುತ್ತಾರೆ. ಸತ್ತವರಿಂದ ಬೆರಳನ್ನು ತಿರುಗಿಸಿ ಕೇಳುತ್ತಿದ್ದವರ ಕಡೆಗೆ ಚಾಚುತ್ತಾರೆ: ಬದಲಾಗಬೇಕಾದವರು ನೀವು. ಊರ ಬಾಯಲ್ಲಿರುವ ಸುದ್ದಿಯನ್ನು ಬೋಧನೆಗೆ ತರುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ. ಕ್ರಿಕೆಟ್ ಪವಿತ್ರ ಪೀಠದ ಹತ್ತಿರ ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಗೆಲುವು ಒಂದೇ ಬಂತು, ಸಾವು ಬರಲಿಲ್ಲ. ಜನಪ್ರಿಯವಾದದ್ದರಿಂದ ಸಂತೋಷವನ್ನಷ್ಟೇ ಆರಿಸಿಕೊಳ್ಳುವ ಕೆಲಸಕ್ಕೆ ಟಿವಿ ಚಾನೆಲ್ಲುಗಳಿವೆ.

ಇನ್ನೊಂದು ಸಣ್ಣ ಕೋರಿಕೆ. ನೀವು ಗುರುಮಠದಲ್ಲಿ ಇಂಗ್ಲಿಷಿನಲ್ಲಿ ಓದಿದವರು, ಅವೆಂಜರ್ಸ್, ಹ್ಯಾರಿ ಪಾಟರ್ ನಿಮಗೆ ಬಾಯಿಗೆ ಬರುವುದು ಸಹಜ. ಮುಂದಿನ ಸಾಲಿನಲ್ಲಿ ಜಪಸರ ಹಿಡಿದು ಕೂತ ಅಜ್ಜಿಗೆ ಅದು ತಲುಪುವುದಿಲ್ಲ. ಕನ್ನಡದಲ್ಲಿ ಪೂಜೆ ಬೇಕೆಂದು ಬೆಂಗಳೂರಿನ ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿದ್ದಾರೆ. ಅಷ್ಟು ಕಷ್ಟಪಟ್ಟು ಪಡೆದ ಪೂಜೆಯಲ್ಲಿ ಆ ಅಜ್ಜಿ ಮೊಮ್ಮಗನ ಮುಖ ನೋಡಿ ಯಾರು ಇವರು ಎಂದು ಕೇಳುವಂತಾಗಬಾರದು. ಅವರಿಗೂ ತಮ್ಮದೇ ಜನಪ್ರಿಯ ಸಂಸ್ಕೃತಿಯಿದೆ. ಕನಕಪುರ ಸೀಮೆಯ ಹಾರೋಬೆಲೆಯಲ್ಲಿ ಊರಿನವರೇ ಪಾತ್ರ ಹಾಕಿ ಆಡುವ ಯೇಸುವಿನ ಪಾಡಿನ ನಾಟಕ ನೂರು ವರ್ಷ ದಾಟಿದೆ. ಸುತ್ತಲ ಹಳ್ಳಿಗಳ ಜನ ಬರುತ್ತಾರೆ, ಬೇರೆ ಧರ್ಮದವರೂ ಬರುತ್ತಾರೆ. ರಾತ್ರಿಯೆಲ್ಲ ಕಥೆ ಕೇಳಿ ಗೊತ್ತಿರುವ, ಒಂದು ಪಾತ್ರ ಯಾಕೆ ಹಾಗೆ ನಡೆದುಕೊಂಡಿತು ಎಂದು ವಾರಗಟ್ಟಲೆ ಜಗುಲಿಯ ಮೇಲೆ ವಾದ ಮಾಡುವ ಜನ ನಾವು. ನಮಗೆ ಕಥೆಯ ತುಣುಕು ಕೊಟ್ಟರೆ ಸಾಲದು.

ಕಥೆಗಳು ಮತದ ಗಡಿ ದಾಟಿ ಉಪದೇಶಕ್ಕೆ ಬಂದಿರುವುದು ನಮ್ಮ ಧರ್ಮಸಭೆಗೆ ಹೊಸದೇನೂ ಅಲ್ಲ. ಬಾವಿಗೆ ಬಿದ್ದು ಬಳ್ಳಿ ಹಿಡಿದು ನೇತಾಡುವ ಮನುಷ್ಯ, ಕೆಳಗೆ ಹಾವು, ಮೇಲೆ ಬಳ್ಳಿ ಕಡಿಯುವ ಇಲಿಗಳು, ಬಾಯಿಗೆ ಬೀಳುವ ಜೇನಿನ ಹನಿ: ನಮ್ಮ ಜೈನ ಕಥೆಗಳಲ್ಲಿರುವ ಈ ಮಧುಬಿಂದು ದೃಷ್ಟಾಂತವನ್ನು ಮಹಾಭಾರತದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುತ್ತಾನೆ. ಅದೇ ಕಥೆ ಬರ್ಲಾಮ್ ಮತ್ತು ಯೋಸಫಾತರ ಚರಿತ್ರೆಯೊಳಗೆ ಸೇರಿ ಯುರೋಪಿಗೆ ಹೋಯಿತು, ಮಧ್ಯಯುಗದ ಬೋಧಕರು ಅದನ್ನು ಊರೂರಲ್ಲಿ ಹೇಳಿದರು. ಆ ಯೋಸಫಾತನ ಚರಿತ್ರೆಯೇ ಬುದ್ಧನ ಜೀವನದಿಂದ ಬಂದದ್ದು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೊಡ್ಡಸ್ವಾಮಿಯವರು ಎಂದು ಕರೆಸಿಕೊಂಡ ಅಬ್ಬೆ ದ್ಯುಬುವಾ ಊರಿಗೆ ಮರಳಿದ ಮೇಲೆ 1826ರಲ್ಲಿ ಪಂಚತಂತ್ರವನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ಗೋವೆಯಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಯೇಸುಸಭೆಯ ಗುರು ಹೊಸ ಕ್ರೈಸ್ತರಿಗೆ ತಮ್ಮ ಪುರಾಣಗಳು ತಪ್ಪಿಹೋದವೆಂದು ಕಂಡು ಓವಿ ಛಂದಸ್ಸಿನಲ್ಲಿ ಸುಮಾರು ಹನ್ನೊಂದು ಸಾವಿರ ಪದ್ಯಗಳ ‘ಕ್ರಿಸ್ತ ಪುರಾಣ’ವನ್ನೇ ಬರೆದರು, ಅದು ಅಚ್ಚಾದದ್ದು 1616ರಲ್ಲಿ. ಜನರಿಗೆ ಪುರಾಣ ಇಷ್ಟ ಎಂದು ಗೊತ್ತಾದಾಗ ಅವರು ಪುರಾಣದಿಂದ ಒಂದು ಸಾಲು ಎತ್ತಿ ನಗಿಸಿ ಕಳಿಸಲಿಲ್ಲ. ಕೂತು ಕಲಿತರು, ವರ್ಷಗಟ್ಟಲೆ.

ನಿಮಗೆ ಅಷ್ಟು ಬಿಡುವಿಲ್ಲ, ಗೊತ್ತು. ಶಾಲೆಯ ಲೆಕ್ಕ, ಕಟ್ಟಡದ ಕೆಲಸ, ಆಸ್ಪತ್ರೆ, ಮದುವೆ, ಮಣ್ಣು. ಫ್ರಾನ್ಸಿಸ್ 2024ರ ಜೂನ್ 12ರಂದು ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದರು. ಎಂಟು ನಿಮಿಷದಲ್ಲಿ ಒಂದು ಸಿನಿಮಾ ಮತ್ತು ಒಂದು ಶುಭಸಂದೇಶ ಎರಡೂ ಪಕ್ಕಪಕ್ಕ ಹಿಡಿಸುವುದಿಲ್ಲ. ಒಂದರೊಳಗಿಂದ ಇನ್ನೊಂದು ಬಂದರೆ ಮಾತ್ರ ಹಿಡಿಸುತ್ತದೆ. ಅದಕ್ಕಾಗಿ ಪ್ರತಿ ವಾರ ಹೊಸ ಚಿತ್ರ ಬೇಕಿಲ್ಲ, ವರ್ಷಕ್ಕೆ ಎರಡು ಮೂರು ಸಾಕು. ಉಳಿದ ಭಾನುವಾರಗಳಲ್ಲಿ ವಾಚನವನ್ನೇ ಕಥೆಯಾಗಿ ಹೇಳಿ. ಯೇಸುವಿನ ಸಾಮತಿಗಳು ಸಿನಿಮಾದ ಆಸರೆಯಿಲ್ಲದೆ ನಿಲ್ಲಲಾರದಷ್ಟು ಬಡವಾಗಿಲ್ಲ.

ವಾಚನಗಳು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಸಿಲೊವಾಮಿನ ಗೋಪುರ 2028ರ ಮಾರ್ಚ್ 19ಕ್ಕೆ, ದುಂದುಗಾರ ಮಗ ಮಾರ್ಚ್ 26ಕ್ಕೆ. ಅಷ್ಟರೊಳಗೆ ಒಂದು ಸಂಜೆ ‘ಬಂಗಾರದ ಮನುಷ್ಯ’ವನ್ನು ಧರ್ಮಕೇಂದ್ರದ ಸಭಾಂಗಣದಲ್ಲಿ ಎಲ್ಲರಿಗೂ ಹಾಕಿಸಿ, ನೀವೂ ನಮ್ಮ ಜೊತೆ ಕೂತು ನೋಡಿ. ಮುಗಿದ ಮೇಲೆ ನೀವು ಮಾತಾಡಬೇಡಿ. ಹಿರಿಯರು, ನನ್ನ ತರಗತಿಯ ಮಕ್ಕಳು, ಮಾತು ಬಿಟ್ಟ ಆ ಅಣ್ಣತಮ್ಮಂದಿರು ಬಂದರೆ ಅವರೂ, ರಾಜೀವ ಮನೆ ಬಿಟ್ಟು ಹೋದದ್ದು ಸರಿಯೇ ಎಂದು ಚರ್ಚೆ ಮಾಡಲಿ. ನೀವು ಕೇಳಿಸಿಕೊಳ್ಳಿ. ಪರದೆ, ಪ್ರೊಜೆಕ್ಟರ್ ಮತ್ತು ಚಹಾದ ಜವಾಬ್ದಾರಿ ನಮ್ಮ ಧರ್ಮೋಪದೇಶ ತಂಡದ್ದು.

ಯೇಸುವಿನಲ್ಲಿ ನಿಮ್ಮ,

ಒಬ್ಬ ಧರ್ಮೋಪದೇಶ ಶಿಕ್ಷಕಿ